ಸಾಗುವಾನಿಯ ಆಯುಷ್ಯ

ವೇದಾವತಿ ನದಿಯ ಮಾರಿಕಣಿವೆ ಜಲಾಶಯದ ಹಿನ್ನೀರಿನ ದಡದಲ್ಲಿ ಮೀನುಗಾರರೊಬ್ಬರು ತೆಪ್ಪವನ್ನು ಬೋರಲು ಹಾಕಿ, ಹೊದಿಕೆಯ ಸೀಳಿಗೆ ಬಿಸಿ ಡಾಂಬರು ಮೆತ್ತುತ್ತಿದ್ದರು. ನೀರಿಗಿಳಿಯುವ ಎಲ್ಲದಕ್ಕೂ ಈ ಆರೈಕೆ ಬೇಕೇ ಬೇಕು. ವೇದಾವತಿಯ ಸಿಹಿನೀರಿನಲ್ಲಿ ಮರ ಕೊರೆಯುವ ಹಡಗುಹುಳುವಿನ ಕಾಟವಾದರೂ ಇಲ್ಲ. ಕಡಲಲ್ಲಿ ಅದು ಓಕ್ ಹಲಗೆಯನ್ನು ಜರಡಿ ಮಾಡಿಬಿಡುತ್ತದೆ. ಓಕಿನ ಆಮ್ಲ ಕಬ್ಬಿಣದ ಮೊಳೆಯನ್ನೂ ತಿನ್ನುತ್ತದೆ. ನಮ್ಮ ಸಾಗುವಾನಿಯ ಎಣ್ಣೆಯಂಶವೋ ಮೊಳೆಯನ್ನು ಕಾಯುತ್ತದೆ. 1817ರಲ್ಲಿ ಮುಂಬಯಿಯಲ್ಲಿ ಸಾಗುವಾನಿಯಿಂದ ಕಟ್ಟಿದ ‘ಟ್ರಿಂಕೋಮಲಿ’ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

1779ರಲ್ಲಿ ನಮ್ಮ ಚಿತ್ರದುರ್ಗವನ್ನು ಗೆದ್ದ ಹೈದರಾಲಿಯ ಹಡಗುಗಳಿಗೆ ಅಂಥ ದೀರ್ಘಾಯುಷ್ಯದ ಭಾಗ್ಯವಿರಲಿಲ್ಲ. ಮರುವರ್ಷ ಡಿಸೆಂಬರಿನಲ್ಲೇ ಬ್ರಿಟಿಷ್ ಅಡ್ಮಿರಲ್ ಹ್ಯೂಸ್‌ನ ಪಡೆ ಮಂಗಳೂರಿನಲ್ಲಿ ಅವನ್ನು ನಾಶಮಾಡಿತು. ಅವನ್ನು ಕಟ್ಟಿದ ಬಡಗಿಗಳು ದಡದಲ್ಲಿ ನಿಂತು ನೋಡಿದರೇನೋ ಎಂದು ನೆನೆದರೆ ನನ್ನ ಎದೆ ಭಾರವಾಗುತ್ತದೆ.