ಕೂದಲಿಗಿಂತ ಸಣ್ಣ ನೂಲು

2019ರ ಮಳೆಗೆ ಚಾರ್ಮಾಡಿ ಘಾಟಿ ಕುಸಿದದ್ದು ನೆನಪಿದೆಯಲ್ಲ? ಘಟ್ಟ ಹತ್ತಬೇಕಾದವರು ನಮ್ಮ ಗುರುವಾಯನಕೆರೆಯಲ್ಲೇ ತಿರುಗಿ ನಾರಾವಿ, ಬಜಗೋಳಿಗಾಗಿ ಕುದುರೆಮುಖದ ದಾರಿ ಹಿಡಿಯಬೇಕಾಯಿತು. ಮಿದುಳಿನ ಬೈಪಾಸ್ ಅಂದರೂ ಅಷ್ಟೇ. ಕಿವಿಯ ಮುಂದೆ ಬೆರಳಿಟ್ಟು ನೋಡಿ, ಒಂದು ನಾಳ ಮಿಡಿಯುತ್ತದೆ. ನೆತ್ತಿಯ ಚರ್ಮಕ್ಕೆ ರಕ್ತ ಕೊಡುವ ನಾಳ ಅದು. ಕತ್ತಿನ ದೊಡ್ಡ ನಾಳ ಕಟ್ಟಿದರೆ ಇದನ್ನು ಬಿಡಿಸಿ, ಬುರುಡೆಯಲ್ಲಿ ಕಿಂಡಿ ಮಾಡಿ, ಮಿದುಳಿನ ಮೇಲಿನ ನಾಳಕ್ಕೆ ಹೊಲಿಯುತ್ತಾರೆ. ಆ ನಾಳದ ಅಗಲ ಒಂದು ಮಿಲಿಮೀಟರಿನ ಆಸುಪಾಸು. ನೂಲು ಕೂದಲಿಗಿಂತ ಸಣ್ಣ.

ಇದನ್ನು ಸಾಧಿಸಿದವರು ತುರ್ಕಿಯಲ್ಲಿ ಹುಟ್ಟಿದ ಗಾಜಿ ಯಾಶರ್ಗಿಲ್. ಜ್ಯೂರಿಕ್‌ನಲ್ಲಿ ಆಗಲೇ ಪಳಗಿದ ಸರ್ಜನ್. ಆದರೂ 1965ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅಮೆರಿಕದ ಬರ್ಲಿಂಗ್ಟನ್‌ಗೆ ಡಾನಘಿ ಎಂಬವರ ಪ್ರಯೋಗಾಲಯಕ್ಕೆ ಕಲಿಯಲು ಹೋದರು. ವರ್ಷಕ್ಕೂ ಮಿಕ್ಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಪ್ರಾಣಿಗಳ ನಾಳ ಹೊಲಿದದ್ದೇ ಹೊಲಿದದ್ದು! ಜ್ಯೂರಿಕ್‌ಗೆ ಮರಳಿ 1967ರ ಅಕ್ಟೋಬರ್ 30ರಂದು ರೋಗಿಯೊಬ್ಬರ ಮಿದುಳಿಗೆ ಈ ಬಗೆಯ ಮೊದಲ ಬೈಪಾಸ್ ಮಾಡಿದರು. ಮರುದಿನ ಬರ್ಲಿಂಗ್ಟನ್‌ನಲ್ಲಿ ಡಾನಘಿ ಎರಡನೆಯದನ್ನು ಮಾಡಿದರು. ಶಿಷ್ಯ ಮುಂದೆ, ಗುರು ಹಿಂದೆ, ಅದೂ ಒಂದೇ ದಿನದ ಅಂತರದಲ್ಲಿ. ಯಕ್ಷಗಾನದಲ್ಲಾದರೆ ಇಲ್ಲಿ ಚೆಂಡೆ ಜೋರಾಗಬೇಕು.

ಆಮೇಲೆ ಎಲ್ಲ ಕಡೆ ಇದೇ ಶಸ್ತ್ರಕ್ರಿಯೆ. ಆದರೆ ಅದು ಪಾರ್ಶ್ವವಾಯುವನ್ನು ನಿಜಕ್ಕೂ ತಡೆಯುತ್ತದೆಯೇ?

1985ರಲ್ಲಿ ಕೆನಡಾದ ಹೆನ್ರಿ ಬಾರ್ನೆಟ್ ಮುಂದಾಳತ್ವದ ಅಧ್ಯಯನದ ಫಲಿತಾಂಶ ಬಂತು. 1377 ರೋಗಿಗಳು, ಕೆಲವರಿಗೆ ಔಷಧಿ ಮಾತ್ರ, ಕೆಲವರಿಗೆ ಬೈಪಾಸ್ ಕೂಡ. ನೂರಕ್ಕೆ 96 ಹೊಲಿಗೆಗಳಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿತ್ತು. ಆದರೂ ಪಾರ್ಶ್ವವಾಯು ಕಡಿಮೆಯಾಗಲಿಲ್ಲ ಮಾರಾಯ್ರೆ! ಇನ್ನೊಂದು ಅಧ್ಯಯನವನ್ನು 2011ಕ್ಕೆ ಮೊದಲೇ ಅರ್ಧಕ್ಕೆ ನಿಲ್ಲಿಸಿದರು. ಅಷ್ಟು ಚಂದದ ಕೈಚಳಕ ವ್ಯರ್ಥವಾಯಿತೇ ಎಂದು ನನಗೆ ಇವತ್ತಿಗೂ ಸಂಕಟ. ಲೆಕ್ಕ ಸರಿಯೇ, ಮನಸ್ಸು ಒಪ್ಪುವುದಿಲ್ಲ.

ಆದರೆ ಮೊಯಮೊಯ ಎಂಬ ಕಾಯಿಲೆಯಲ್ಲಿ ಬೈಪಾಸ್ ಇನ್ನೂ ಮರ್ಯಾದೆ ಉಳಿಸಿಕೊಂಡಿದೆ. ದೊಡ್ಡ ನಾಳಗಳು ಮೆಲ್ಲಗೆ ಮುಚ್ಚಿ, ಬದಲಿಗೆ ಎಳೆನಾಳಗಳು ಹೊಗೆಯಂತೆ ಹಬ್ಬುತ್ತವೆ. 1969ರಲ್ಲಿ ಜಪಾನಿನ ಸುಜುಕಿ ಮತ್ತು ತಕಾಕು ಆ ಹೊಗೆಯ ಹೆಸರನ್ನೇ ಇಟ್ಟರು. ಮಗು ಬಿಕ್ಕಿ ಬಿಕ್ಕಿ ಅತ್ತಾಗಲೋ ಬಿಸಿ ಗಂಜಿಗೆ ಉಫ್ ಎಂದು ಊದಿದಾಗಲೋ ಒಂದು ಕೈ ಸೋತು, ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ಮನೆಯವರಿಗೆ ಅದು ಹಟದಂತೆ ಕಂಡೀತು. ಇಂಥ ಮಕ್ಕಳಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಶಸ್ತ್ರಕ್ರಿಯೆ ನಡೆಯುತ್ತದೆ. ಚಿಕ್ಕವರಿಗೆ ಎಷ್ಟೋ ಸಲ ನಾಳದಿಂದ ನಾಳಕ್ಕೆ ಹೊಲಿಗೆಯೇ ಬೇಡ. ನೆತ್ತಿಯ ನಾಳವನ್ನು ಮಿದುಳಿನ ಮೇಲೆ ಸುಮ್ಮನೆ ಮಲಗಿಸಿ ಬಂದರೆ, ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯ ಹಾಗೆ, ಕೆಲವು ತಿಂಗಳಲ್ಲಿ ಅದೇ ಬೇರು ಬಿಡುತ್ತದೆ.