ಒಲೆಗೆ ಯಾವ ಕಟ್ಟಿಗೆ?

(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷದ ಸಂಭ್ರಮದಲ್ಲಿ ನಾವು ಕಟ್ಟಿಗೆಯ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಅದರ ಕಾರಣ ಶಾಲೆಯ ಅಂಗಳದಲ್ಲಿಯೇ ಬಿದ್ದಿದೆ. ಹಳೆಯ ಕೋಣೆಗಳನ್ನು ಬಿಚ್ಚಿದಾಗ ದೊರೆತ ಬಾಗಿಲು, ಕಿಟಕಿ, ತೊಲೆಗಳ ರಾಶಿಯನ್ನು ಮಧ್ಯಾಹ್ನದ ಊಟದ ಒಲೆಗೆ ಕೊಟ್ಟರೆ ಖರ್ಚು ಉಳಿಯುವುದೆಂದು ಹಿತೈಷಿಗಳು ಸೂಚಿಸಿದರು. ಅವರ ಉದ್ದೇಶ ಒಳ್ಳೆಯದೇ. ಆದರೂ ನಾವು ಬೇಡವೆಂದೆವು. ಏಕೆಂಬುದನ್ನು ತಮ್ಮ ಮುಂದಿಡುವುದು ನಮ್ಮ ಕರ್ತವ್ಯ.

ಎಲ್ಲ ಮರವೂ ಉರುವಲಲ್ಲ. 1933ರಲ್ಲಿ ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳನ್ನು ಕೂಡಿಸಿ ಮರಕ್ಕೆ ಉಣಿಸುವ ದ್ರಾವಣವನ್ನು ಕಂಡುಹಿಡಿದರು. ಗೆದ್ದಲನ್ನೂ ಕೊಳೆಯನ್ನೂ ತಡೆಯುವ ಆ ವಿದ್ಯೆ ಜಗತ್ತಿಗೆಲ್ಲ ಹರಡಿತು. ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಮರ ಕಂಬವಾಗಿ ನಿಂತಿರುವವರೆಗೆ ಅದು ಕಾವಲು, ಒಲೆಗಿಟ್ಟರೆ ವಿಷ. ಬೆಂಕಿ ಅದನ್ನು ನಾಶಮಾಡಲಾರದು. ಒಂದು ಪಾಲು ಹೊಗೆಯೊಡನೆ ಏಳುತ್ತದೆ, ಉಳಿದುದು ಬೂದಿಯಲ್ಲಿ ನಿಲ್ಲುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಚಳಿಗಾಲದಲ್ಲಿ ಇಂತಹ ಕಟ್ಟಿಗೆ ಉರಿಸಿದ ಒಂದು ಕುಟುಂಬದವರಿಗೆ ಕೂದಲುದುರಿ, ಮೂರ್ಛೆ ಬಂದುದನ್ನು ವೈದ್ಯರು 1984ರಲ್ಲಿ ವರದಿ ಮಾಡಿದರು. ನಮ್ಮಲ್ಲಿಯಾದರೋ ಬೂದಿಯಿಂದ ಪಾತ್ರೆ ತಿಕ್ಕುತ್ತೇವೆ, ಬೀಜಕ್ಕೆ ಬೆರೆಸುತ್ತೇವೆ, ತಿಪ್ಪೆಗೆ ಚೆಲ್ಲುತ್ತೇವೆ. ಆದ್ದರಿಂದ ನಮಗೆ ಅಪಾಯ ಇಮ್ಮಡಿ.

ತಾಂಡೂರು ವಾಡಿ–ಸಿಕಂದರಾಬಾದ್ ರೈಲು ಮಾರ್ಗದಲ್ಲಿದೆ, ಜಹೀರಾಬಾದ್ ವಿಕಾರಾಬಾದ್–ಬೀದರ ಮಾರ್ಗದಲ್ಲಿದೆ. ಹಳಿಯಡಿಯ ಹಳೆಯ ಮರದ ಸ್ಲೀಪರ್‌ಗಳು ಮನೆಯ ತೊಲೆಗಳಾಗುವುದುಂಟು. ಅವುಗಳಿಗೆ ಉಣಿಸುತ್ತಿದ್ದುದು ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ. ಅದರ ಹೊಗೆಯೂ ಕೆಟ್ಟದ್ದು. ಹಳೆಯ ಬಾಗಿಲುಗಳ ಬಣ್ಣದಲ್ಲಿ ಸೀಸವಿರಬಹುದು, ಪ್ಲೈವುಡ್ಡಿನಲ್ಲಿ ರಾಸಾಯನಿಕ ಅಂಟಿರುತ್ತದೆ. ಹೊರದೇಶದಿಂದ ಯಂತ್ರ ಹೊತ್ತು ಬರುವ ಪೆಟ್ಟಿಗೆಯ ಹಲಗೆಗಳ ಮೇಲೆ ಮುದ್ರೆಯನ್ನು ನೋಡಬೇಕು: ‘ಎಚ್‌ಟಿ’ ಎಂದಿದ್ದರೆ ಶಾಖದಿಂದ ಶುದ್ಧಮಾಡಿದ್ದು, ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ. ಔಷಧಿ ಉಣಿಸಿದ ಮರದ ಹಸಿರು ಛಾಯೆ ಕಾಲಕ್ರಮದಲ್ಲಿ ಮಾಸುವುದರಿಂದ ಬಣ್ಣವೊಂದನ್ನೇ ನಂಬಲಾಗದು. ಎಲ್ಲಿಂದ ಬಂದುದೆಂದು ತಿಳಿಯದ ಮರವನ್ನು ಉರಿಸದಿರುವುದೇ ಲೇಸು.

ಹಾಗಾದರೆ ಯಾವುದನ್ನು ಉರಿಸಬೇಕು? ಉತ್ತರ ನಮ್ಮ ಹೊಲದಲ್ಲಿಯೇ ಇದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು; ಬೇಳೆ ಪೇಟೆಗೆ ಹೋದ ಮೇಲೆ ಕಟ್ಟಿಗೆ ನಮಗೇ ಉಳಿಯುತ್ತದೆ. ಒಲೆ ಹೊತ್ತಿಸಲು ತೊಗರಿ ಕಟ್ಟಿಗೆ, ಕಾವು ನಿಲ್ಲಲು ಜಾಲಿ ಹಾಗೂ ಹುಣಸೆ ಉತ್ತಮ. ಕಣಗಿಲೆ, ಕಳ್ಳಿಗಳು ಒಣಗಿದ್ದರೂ ಬೇಡ. ಕಡಿದ ಕಟ್ಟಿಗೆಯನ್ನು ನೆಲಕ್ಕೆ ತಾಗದಂತೆ ಒಟ್ಟಿ, ಮೇಲೆ ಮಾತ್ರ ಮುಚ್ಚಿ, ಗಾಳಿ ಆಡಗೊಡಬೇಕು. ತುದಿಯಲ್ಲಿ ಬಿರುಕು ಕಂಡು, ಎರಡು ತುಂಡು ಬಡಿದಾಗ ಠಣ್ ಎಂದರೆ ಒಣಗಿದೆಯೆಂದು ತಿಳಿಯಬೇಕು. ಹಸಿ ಕಟ್ಟಿಗೆಯ ಹೊಗೆಯನ್ನು ಮೊದಲು ಕುಡಿಯುವವರು ಅಡುಗೆಯ ತಾಯಂದಿರು.

ಹೋಳಿಯ ಕಾಮದಹನಕ್ಕೂ ಇದೇ ಮಾತು. ಆ ಬೆಂಕಿಯನ್ನು ಮನೆಗೆ ತಂದು ಕಡಲೆ ಸುಡುವ ನಾವು ಅದಕ್ಕೆ ಬಣ್ಣದ ಬಾಗಿಲು, ಟೈರುಗಳನ್ನು ಹಾಕಬಾರದು.

1956ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಈ ಶಾಲೆಯಲ್ಲಿ ಕನ್ನಡ ಉಳಿದುದು ಪಾಲಕರು ತಮ್ಮ ಕೈಲಾದುದನ್ನು ತಂದುಕೊಟ್ಟಿದ್ದರಿಂದ. ಅಂಗಳದ ರಾಶಿಯಲ್ಲಿ ಗಟ್ಟಿಯಾಗಿರುವ ತೊಲೆಗಳು ಮಕ್ಕಳ ಕೈಗೆಟುಕದ ಛಾವಣಿಗೆ ಹೋಗಲಿ, ಉಳಿದುದನ್ನು ಪುರಸಭೆಯವರಿಗೆ ಒಪ್ಪಿಸೋಣ. ರಾಶಿ ಮುಗಿದ ಮೇಲೆ ಪ್ರತಿಯೊಬ್ಬ ರೈತ ಪಾಲಕರೂ ಒಂದು ಹೊರೆ ತೊಗರಿ ಕಟ್ಟಿಗೆಯನ್ನು ಶಾಲೆಯ ಒಲೆಗೆ ಕೊಡಬೇಕೆಂದು ಬೇಡಿಕೊಳ್ಳುತ್ತೇವೆ.