ಕ್ಯಾಂಪರ್ ವ್ಯಾನಿನ ಕಿಟಕಿ ಸೋರುವುದೇಕೆ?

ಜರ್ಮನಿಯಲ್ಲಿ 1950ರಲ್ಲಿ ತಯಾರಾಗತೊಡಗಿದ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನಿಗೆ ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆಯು ಹಾಸಿಗೆ, ಮೇಜು, ಕಪಾಟುಗಳನ್ನು ಜೋಡಿಸಿತು. ವಾಹನವೇ ಮನೆಯಾಗುವ ಕ್ಯಾಂಪರ್ ವ್ಯಾನ್ ಯುರೋಪಿನಲ್ಲಿ ಮನೆಮಾತಾದದ್ದು ಮುಖ್ಯವಾಗಿ ಈ ವಾಹನದಿಂದ. ಜರ್ಮನಿ, ಬ್ರಿಟನ್‌ಗಳಂತಹ ಮಳೆಯ ನಾಡುಗಳಲ್ಲಿ ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡಿರುವ ಈ ಹಳೆಯ ವ್ಯಾನುಗಳನ್ನು ಎಂಜಿನ್ನಿನ ದೋಷಕ್ಕಿಂತ ಹೆಚ್ಚಾಗಿ ಹಾಳುಗೆಡವುವುದು ತುಕ್ಕು, ಮತ್ತು ಆ ತುಕ್ಕಿಗೆ ನೀರೆರೆಯುವ ದಾರಿಗಳಲ್ಲಿ ಕಿಟಕಿ ಬಹು ಮುಖ್ಯವಾದದ್ದು.

ಈ ವ್ಯಾನುಗಳಲ್ಲಿ ಗಾಜು ನೇರವಾಗಿ ತಗಡಿಗೆ ಅಂಟಿಕೊಂಡಿರುವುದಿಲ್ಲ. ಓಡುವಾಗ ವಾಹನದ ಮೈ ಸ್ವಲ್ಪ ಸ್ವಲ್ಪವೇ ತಿರುಚಿಕೊಳ್ಳುತ್ತದೆ, ಗಾಜು ತಿರುಚಿಕೊಳ್ಳಲಾರದು; ಆದ್ದರಿಂದ ಇವೆರಡರ ನಡುವೆ ಎರಡು ಬದಿಗೂ ತೋಡಿರುವ ರಬ್ಬರ್ ಪಟ್ಟಿಯೊಂದನ್ನು ಕೂರಿಸಿ, ಒಂದು ತೋಡಿನಲ್ಲಿ ಗಾಜಿನ ಅಂಚನ್ನೂ ಇನ್ನೊಂದರಲ್ಲಿ ಕಿಟಕಿಯ ತೆರಪಿನ ಸುತ್ತಲಿನ ಉಕ್ಕಿನ ತುಟಿಯನ್ನೂ ಸಿಕ್ಕಿಸಲಾಗುತ್ತದೆ. ಕರ್ನಾಟಕದ ಬಸ್ಸು ಲಾರಿಗಳ ಗಾಜನ್ನು ಹಿಡಿದಿಡುವ, ಗ್ಯಾರೇಜಿನವರು ಬೀಡಿಂಗ್ ಎಂದು ಕರೆಯುವ ಪಟ್ಟಿಯೂ ಇದೇ ಬಗೆಯದು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯಲ್ಲಿನ ಓಜೋನ್ ಅನಿಲಗಳಿಂದ ರಬ್ಬರ್ ವರ್ಷಗಳು ಕಳೆದಂತೆ ಗಡುಸಾಗಿ, ಕುಗ್ಗಿ, ಬಿರುಕು ಬಿಡುತ್ತದೆ. ಮೊದಲು ಬಾಯಿ ಬಿಡುವುದು ಸಾಮಾನ್ಯವಾಗಿ ಮೂಲೆಗಳಲ್ಲಿ. ಒಮ್ಮೆ ಕೂದಲೆಳೆಯಷ್ಟು ಸಂದು ಉಂಟಾದರೆ, ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವಂತೆ ನೀರು ಅದರೊಳಕ್ಕೆ ಎಳೆಯಲ್ಪಡುತ್ತದೆ. ಕೇಶಾಕರ್ಷಣೆ ಎಂಬ ಈ ಕ್ರಿಯೆಗೆ ಜೋರುಮಳೆಯೇ ಬೇಕೆಂದಿಲ್ಲ, ಜಿನುಗುಮಳೆಯೂ ಸಾಕು.

ಒಳಗೆ ತೇವ ಕಂಡೊಡನೆ ಕಿಟಕಿಯನ್ನು ದೂರುವುದು ಸರಿಯಲ್ಲ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 60ರಷ್ಟು ಸಾಪೇಕ್ಷ ಆರ್ದ್ರತೆ ಇರುವ ಗಾಳಿಯು ಸುಮಾರು 12 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೈಯನ್ನು ಸೋಕಿದರೂ ನೀರಹನಿಗಳು ಮೂಡುತ್ತವೆ. ಇಬ್ಬರು ಮಲಗಿದ ಮುಚ್ಚಿದ ವ್ಯಾನಿನಲ್ಲಿ ಚಳಿಗಾಲದ ಬೆಳಗ್ಗೆ ಗಾಜಿನಿಂದ ಇಳಿಯುವ ನೀರು ಬಹುಪಾಲು ಅವರ ಉಸಿರಿನದೇ. ಮಳೆಯಿಲ್ಲದ ರಾತ್ರಿಯೂ ತೇವ ಕಂಡರೆ ಅದಕ್ಕೆ ಮದ್ದು ಗಾಳಿಯಾಡಿಸುವುದೇ ಹೊರತು ರಬ್ಬರ್ ಬದಲಿಸುವುದಲ್ಲ.

ನಿಜವಾದ ಸೋರಿಕೆಯಾದರೆ, ನೀರು ಕಾಣಿಸಿಕೊಂಡ ಜಾಗವೇ ಅದು ಒಳಬಂದ ಜಾಗವೆಂದು ನಂಬುವಂತಿಲ್ಲ. ಮೇಲಿನ ಮೂಲೆಯಲ್ಲಿ ನುಸುಳಿದ ನೀರು ರಬ್ಬರಿನ ತೋಡಿನೊಳಗೇ ಹರಿದು ಕೆಳಗಿನ ಅಂಚಿನಲ್ಲಿ ತೊಟ್ಟಿಕ್ಕಬಹುದು, ಇಲ್ಲವೇ ಚಾವಣಿಯ ಬೆಸುಗೆಯಿಂದ ಬಂದ ನೀರು ಕಿಟಕಿಯ ತಲೆಗೆ ಅಪವಾದ ತರಬಹುದು. ಒಳಗಿನ ಹಲಗೆಗಳನ್ನು ಬಿಚ್ಚಿ, ಒಬ್ಬರು ಬ್ಯಾಟರಿ ಹಿಡಿದು ಒಳಗೆ ಕೂತು, ಮತ್ತೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲನೆ ನೀರು ಬಿಡಬೇಕು. ಮೊದಲು ಕೆಳ ಅಂಚಿಗೆ, ಕೆಲವು ನಿಮಿಷ ಕಾದು ಪಕ್ಕಗಳಿಗೆ, ಕೊನೆಗೆ ಮೇಲಂಚಿಗೆ ಹೀಗೆ ಏರುತ್ತ ಹೋಗುವುದರಲ್ಲಿ ಒಂದು ಅರ್ಥವಿದೆ: ಮೇಲಿನಿಂದ ಆರಂಭಿಸಿದರೆ ಎಲ್ಲ ಅಂಚುಗಳೂ ಒಟ್ಟಿಗೇ ನೆನೆದು ತಪ್ಪಿತಸ್ಥ ಜಾಗ ಸಿಗದೇ ಹೋಗುತ್ತದೆ.

ಸಂದು ಸಿಕ್ಕ ಮೇಲೆ ಅದರ ಮೇಲೆ ಸಿಲಿಕೋನ್ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ಈ ಅಭ್ಯಾಸವನ್ನು ಖಂಡಿಸಲೇಬೇಕು. ಹೊರಬಾಯಿ ಮುಚ್ಚಿದೊಡನೆ ಆಗಲೇ ಒಳಹೊಕ್ಕ ನೀರು ಆರಲು ದಾರಿಯಿಲ್ಲದೆ ಉಕ್ಕಿನ ತುಟಿಯನ್ನು ಕಣ್ಮರೆಯಲ್ಲೇ ತಿನ್ನುತ್ತದೆ. ವಿನೆಗರ್ ವಾಸನೆ ಬೀರುವ ಬಗೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುವುದರಿಂದ ತುಕ್ಕಿಗೆ ತಾನೂ ಕೈಜೋಡಿಸುತ್ತದೆ. ಅದರ ಪಸೆ ಉಳಿದ ತಗಡಿಗೆ ಮುಂದೆ ಬಣ್ಣ ಹಿಡಿಯುವುದೂ ಕಷ್ಟ.

ಸರಿಯಾದ ದುರಸ್ತಿಗೆ ಗಾಜನ್ನು ಹೊರತೆಗೆಯದೆ ಗತ್ಯಂತರವಿಲ್ಲ. ಹಳೆಯ ರಬ್ಬರನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಅದರ ತುಟಿಯನ್ನು ಚಾಕುವಿನಿಂದ ಸುತ್ತಲೂ ಕತ್ತರಿಸಿದರೆ ಗಾಜು ಒತ್ತಡವಿಲ್ಲದೆ ಈಚೆ ಬರುತ್ತದೆ. ಆಗ ಕಾಣುವ ಉಕ್ಕಿನ ತುಟಿಯಲ್ಲಿ ಬಣ್ಣ ಗುಳ್ಳೆಯೆದ್ದು, ಕಂದು ತುಕ್ಕು ಪದರ ಪದರವಾಗಿ ಏಳುತ್ತಿದ್ದರೆ ಅಚ್ಚರಿಯಿಲ್ಲ. ಅದನ್ನು ತಂತಿಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಹಚ್ಚಿ, ಪ್ರೈಮರ್ ಎಂಬ ತಳಬಣ್ಣವನ್ನೂ ಮೇಲ್ಬಣ್ಣವನ್ನೂ ಬಳಿದು, ಪೂರ್ತಿ ಗಟ್ಟಿಯಾಗಲು ಬಿಡಬೇಕು. ತೂತು ಬಿದ್ದಿದ್ದರೆ ಹೊಸ ತಗಡು ಬೆಸೆಯಬೇಕು. ಅಲ್ಲಿ ಪುಟ್ಟಿ ಮೆತ್ತಿದರೆ ಅದು ಗಾಜಿನ ಭಾರವನ್ನೂ ರಸ್ತೆಯ ಅದುರನ್ನೂ ತಾಳುವುದಿಲ್ಲ.

ಗಾಜನ್ನು ಹೊಸ ರಬ್ಬರಿನೊಂದಿಗೆ ಮರಳಿ ಕೂರಿಸಲು ಬೇಕಾದದ್ದು ಒಂದು ನೈಲಾನ್ ದಾರ, ಸಾಬೂನು ನೀರು, ಇಬ್ಬರು ಮನುಷ್ಯರು. ರಬ್ಬರನ್ನು ಮೊದಲು ಗಾಜಿಗೆ ತೊಡಿಸಿ, ಖಾಲಿಯಿರುವ ತೋಡಿನಲ್ಲಿ ದಾರವನ್ನು ಸುತ್ತಲೂ ಹುದುಗಿಸಿ, ಅದರ ಎರಡು ತುದಿಗಳು ಕೆಳಗಡೆ ನಡುಮಧ್ಯದಲ್ಲಿ ಒಂದರ ಮೇಲೊಂದು ಹಾದು ವ್ಯಾನಿನ ಒಳಕ್ಕೆ ಜೋತುಬೀಳುವಂತೆ ಮಾಡಲಾಗುತ್ತದೆ. ಹೊರಗಿನವರು ಅಂಗೈಯಿಂದ ಗಾಜನ್ನು ಒತ್ತುತ್ತಿರುವಾಗ ಒಳಗಿನವರು ದಾರವನ್ನು ನಿಧಾನವಾಗಿ ಎಳೆದರೆ, ದಾರ ಹೊರಬಂದಲ್ಲೆಲ್ಲ ರಬ್ಬರಿನ ಒಳತುಟಿ ಉಕ್ಕಿನ ಅಂಚನ್ನು ದಾಟಿ ಕೂರುತ್ತದೆ. ಮೂಲೆಗಳಲ್ಲಿ ಅವಸರ ಮಾಡಿದರೆ ಗಾಜು ಒಡೆಯಬಹುದು. ಸಾಬೂನಿನ ಬದಲು ಗ್ರೀಸನ್ನು ಬಳಸಬಾರದು, ಖನಿಜ ತೈಲದಿಂದ ರಬ್ಬರ್ ಊದಿಕೊಂಡು ಕೆಡುತ್ತದೆ.

ಈಚಿನ ಕ್ಯಾಂಪರ್‌ಗಳ ಕಥೆ ಬೇರೆ. ಅವುಗಳ ವಾಸದ ಕೋಣೆಗೆ ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಜೋಡಿಪದರದ ಕಿಟಕಿಗಳಿರುತ್ತವೆ. ಚೌಕಟ್ಟಿಗೂ ಗೋಡೆಗೂ ನಡುವೆ ಎಂದೂ ಪೂರ್ತಿ ಗಟ್ಟಿಯಾಗದ ಬ್ಯುಟೈಲ್ ಅಂಟನ್ನು ಹಾಕುವುದು ರೂಢಿ, ಮತ್ತು ಸ್ಪಿರಿಟ್ಟಿನಂತಹ ದ್ರಾವಕ ತಗುಲಿದರೆ ಅಕ್ರಿಲಿಕ್ಕಿನಲ್ಲಿ ಸೂಕ್ಷ್ಮ ಬಿರುಕುಗಳೇಳುವುದರಿಂದ ಒರೆಸಲು ಸೌಮ್ಯ ಸಾಬೂನು ನೀರಷ್ಟೇ ತಕ್ಕದ್ದು. ಸಾಮಾನು ಸಾಗಿಸುವ ವ್ಯಾನಿನ ತಗಡನ್ನು ಕೊರೆದು ಹೊಸದಾಗಿ ಕಿಟಕಿ ಇಡುವವರು, ಕೊರೆದ ಅಂಚು ಬರಿ ಉಕ್ಕೆಂಬುದನ್ನು ಮರೆಯದೆ ಗಾಜು ಕೂರಿಸುವ ಮುನ್ನವೇ ಅದಕ್ಕೆ ಬಣ್ಣದ ರಕ್ಷಣೆ ಕೊಡಬೇಕು. ಕಿಟಕಿ ಯಾವ ಬಗೆಯದಾದರೂ, ಕೆಲಸ ಮುಗಿದ ಕೂಡಲೇ ಒಳಹಲಗೆಗಳನ್ನು ಮುಚ್ಚದೆ, ಪೈಪಿನ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ, ಸಾಧ್ಯವಾದರೆ ಒಂದು ಜೋರುಮಳೆ ಕಳೆಯುವವರೆಗೂ ತಗಡನ್ನು ಕಣ್ಣಿಗೆ ಕಾಣುವಂತೆ ಬಿಟ್ಟಿರುವುದು ಒಳ್ಳೆಯದು.